ಸೊಂಟ ನೋವಿಗೆ ಫಿಟ್ಸ್ ಮಾತ್ರೆ ಯಾಕೆ?

ಪ್ರಶ್ನೆ: ಆರು ತಿಂಗಳಿಂದ ಸೊಂಟ ನೋವು, ಎಡಗಾಲಿಗೂ ಇಳಿಯುತ್ತದೆ. ಡಾಕ್ಟರು ರಾತ್ರಿಗೆ ಗ್ಯಾಬಾಪೆಂಟಿನ್ ಬರೆದುಕೊಟ್ಟರು. ಮೆಡಿಕಲ್ ಶಾಪಿನವರು ‘ಇದು ಫಿಟ್ಸ್ ಮಾತ್ರೆ’ ಅಂದರು. ನನಗೆ ಫಿಟ್ಸ್ ಬಂದೇ ಇಲ್ಲ. ತಗೊಳ್ಳಲಾ, ಬೇಡವಾ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಗಾಬರಿ ಬೇಡ, ಚೀಟಿ ಅದಲುಬದಲಾಗಿಲ್ಲ. ಫಿಟ್ಸ್ ಬಂದಾಗ ಮೆದುಳಿನ ನರಕೋಶಗಳು ಹಿಡಿತ ತಪ್ಪಿ ಸಿಗ್ನಲ್ ಕಳಿಸುತ್ತವೆ. ಪೆಟ್ಟಾದ ನರವೂ ಹೆಚ್ಚುಕಡಿಮೆ ಹಾಗೆಯೇ. ವಯರ್ ಸವೆದ ಕಾಲಿಂಗ್ ಬೆಲ್ ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಬಡಿದುಕೊಳ್ಳುತ್ತದಲ್ಲ, ಹಾಗೆ. ಗ್ಯಾಬಾಪೆಂಟಿನ್, ಅದೇ ಗುಂಪಿನ ಪ್ರೆಗಾಬಾಲಿನ್ ಎರಡೂ ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬಿಡುವ ಪುಟ್ಟ ಬಾಗಿಲುಗಳಿಗೆ (ಕ್ಯಾಲ್ಸಿಯಂ ಚಾನೆಲ್) ಅಂಟಿಕೊಂಡು ಈ ಗಲಾಟೆ ತಗ್ಗಿಸುತ್ತವೆ. ಇದು ಹೊಸದೇನಲ್ಲ. ಮುಖದ ನರ ನೋವಿಗೆ ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆಯನ್ನು 1960ರ ದಶಕದಿಂದಲೂ ಕೊಡುತ್ತಿದ್ದಾರೆ.

ಆದರೆ ಎಲ್ಲ ನೋವೂ ನರದ ನೋವಲ್ಲ. ಉರಿ, ಕರೆಂಟ್ ಹೊಡೆದಂತಾಗುವುದು, ಜೋಮು, ಹೊದಿಕೆ ತಾಗಿದರೂ ತಡೆಯಲಾಗದಿರುವುದು ನರದ ಲಕ್ಷಣಗಳು. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆ ಈ ಮಾತ್ರೆಗಳು ಕೆಲಸ ಮಾಡುತ್ತವೆ. ಅಲ್ಲೂ ಗ್ಯಾಬಾಪೆಂಟಿನ್‌ನಿಂದ ನೋವು ಅರ್ಧಕ್ಕಿಳಿಯುವುದು ಹತ್ತರಲ್ಲಿ ಮೂರು-ನಾಲ್ಕು ಜನಕ್ಕೆ ಮಾತ್ರ. ಬರೀ ಸೊಂಟ ಹಿಡಿದುಕೊಂಡಿದ್ದರೆ ಇದರಿಂದ ಲಾಭ ಕಡಿಮೆ, ತೊಂದರೆಯೇ ಜಾಸ್ತಿ.

ಕಾಲಿಗಿಳಿಯುವ ನೋವು, ಅಂದರೆ ಸಯಾಟಿಕಾ? ಅದು ನರದ್ದೇ, ಆದರೂ ಪುರಾವೆ ಸಾಲದು. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಪ್ರೆಗಾಬಾಲಿನ್ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ನೋವು ಇಳಿಸಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ತಂದಿತು. ಬ್ರಿಟನ್ನಿನ ಮಾರ್ಗಸೂಚಿಯಂತೂ ಸಯಾಟಿಕಾಕ್ಕೆ ಇವನ್ನು ಕೊಡಬೇಡಿ ಎಂದೇ ಹೇಳುತ್ತದೆ. ನಮ್ಮಲ್ಲಿ ಮಾತ್ರ ಪ್ರೆಗಾಬಾಲಿನ್ ಜೊತೆ ಬಿ12 ವಿಟಮಿನ್ ಸೇರಿಸಿದ ಮಾತ್ರೆಯನ್ನು ಬೆನ್ನು ನೋವು ಅಂದ ಕೂಡಲೇ ಬರೆಯುವುದು ರೂಢಿಯಾಗಿಬಿಟ್ಟಿದೆ. ನನಗಿದು ಅಷ್ಟು ಸರಿ ಕಾಣುವುದಿಲ್ಲ. ಹಾಗಾಗಿ ‘ನನ್ನದು ನರದ ನೋವೇ ಅಂತ ಹೇಗೆ ಗೊತ್ತಾಯ್ತು, ಎಷ್ಟು ವಾರ ನೋಡೋಣ?’ ಎಂದು ಡಾಕ್ಟರನ್ನು ಕೇಳಿ. ಕೇಳಿದರೆ ತಪ್ಪೇನಿಲ್ಲ.

ಶುರುವಿನಲ್ಲಿ ಮಂಪರು, ತಲೆಸುತ್ತು ಸಾಮಾನ್ಯ. ರಾತ್ರಿ ನುಂಗಿದ್ದು ಬೆಳಗ್ಗೆಯೂ ಇಳಿದಿರುವುದಿಲ್ಲ. ಮೊದಲ ಕೆಲವು ದಿನ ಸ್ಕೂಟರ್ ಮನೆಯಲ್ಲೇ ಇರಲಿ, ಮೆಟ್ರೋ ಹತ್ತಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೂಕಡಿಸುವ ಉಸಾಬರಿ ಯಾಕೆ? ಕೆಲವರಿಗೆ ಕಾಲು ಊದುತ್ತದೆ, ತೂಕ ಏರುತ್ತದೆ. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ, ಡೋಸ್ ಇಳಿಸಬೇಕಾಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ದೆ ಮಾತ್ರೆ ಅಥವಾ ಮದ್ಯ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು.

ಈಗಾಗಲೇ ಶುರು ಮಾಡಿದ್ದರೆ, ಅಂಗಡಿಯವರ ಮಾತು ಕೇಳಿ ದಿಢೀರನೆ ಬಿಡಬೇಡಿ. ಡಾಕ್ಟರಿಗೆ ಹೇಳಿ, ಒಂದು ವಾರವಾದರೂ ತೆಗೆದುಕೊಂಡು ಮೆಲ್ಲಗೆ ಇಳಿಸಬೇಕು.

ಮೂತ್ರ ಕಟ್ಟಿದರೆ, ಮಲ-ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಮರಗಟ್ಟಿದಂತಾದರೆ, ಪಾದ ಎತ್ತಲಾಗದಿದ್ದರೆ ಮಾತ್ರೆ ನೋಡುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.