ಹ್ಯಾಲೊಜನ್ ತೆಗೆದು ಎಲ್‌ಇಡಿ ಹಾಕಿಸಿದರೆ ರಾತ್ರಿ ರಸ್ತೆ ಚೆನ್ನಾಗಿ ಕಾಣುತ್ತದೆಯೇ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಸಣ್ಣ ಕಾರು. ರಾತ್ರಿ ಹೆದ್ದಾರಿಯಲ್ಲಿ ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲ. ಹ್ಯಾಲೊಜನ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿ, ಇಲ್ಲವೇ ಎಚ್‌ಐಡಿ (ಕ್ಸೆನಾನ್ ಬಲ್ಬಿನ) ಕಿಟ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಬಹುದೇ? ಪೊಲೀಸರು ಹಿಡಿಯುತ್ತಾರೆಯೇ?

ಉತ್ತರ: ಬಲ್ಬನ್ನು ಮಾತ್ರ ಬದಲಿಸುವ ಈ ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ. ಈಗಿರುವ ಹ್ಯಾಲೊಜನ್ ದೀಪ ತಾನು ಕೊಡಬೇಕಾದಷ್ಟು ಬೆಳಕನ್ನು ಕೊಡುತ್ತಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಿ; ಎಂಟು ವರ್ಷ ಓಡಿದ ಕಾರಿನಲ್ಲಿ ಅದು ಕೊಡುತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಅಂಗಡಿಯಲ್ಲಿ ಮಾತೆಲ್ಲ ಬಲ್ಬಿನ ಸುತ್ತಲೇ ನಡೆಯುತ್ತದೆ. ಆದರೆ ಹೆಡ್‌ಲೈಟ್ ಎಂದರೆ ಬಲ್ಬ್, ಅದರ ಹಿಂದಿನ ರಿಫ್ಲೆಕ್ಟರ್, ಮುಂದಿನ ಲೆನ್ಸ್ ಮೂರೂ ಒಂದಕ್ಕೊಂದು ಅಳತೆಗೂಡಿ ಕೆಲಸ ಮಾಡುವ ಒಂದೇ ಸಾಧನ.

ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಎಚ್4 ಬಲ್ಬ್. ಅದರಲ್ಲಿ ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್‌ನ ಎರಡು ಫಿಲಮೆಂಟ್‌ಗಳಿರುತ್ತವೆ. ಹೈ ಬೀಮ್ ಫಿಲಮೆಂಟ್ ರಿಫ್ಲೆಕ್ಟರ್‌ನ ಸಂಗಮ ಬಿಂದುವಿನ ಬಳಿ ಇರುವುದರಿಂದ ಅದರ ಬೆಳಕು ನೇರವಾಗಿ ದೂರಕ್ಕೆ ಹೋಗುತ್ತದೆ. ಲೋ ಬೀಮ್ ಫಿಲಮೆಂಟ್ ಅದಕ್ಕಿಂತ ಸ್ವಲ್ಪ ಮುಂದಿದ್ದು, ಅದರ ಅಡಿಯಲ್ಲಿ ಬಟ್ಟಲಿನಾಕಾರದ ಪುಟ್ಟ ಲೋಹದ ಮರೆಯೊಂದಿರುತ್ತದೆ. ಈ ಮರೆ ರಿಫ್ಲೆಕ್ಟರ್‌ನ ಕೆಳಭಾಗಕ್ಕೆ ಬೆಳಕು ಬೀಳದಂತೆ ತಡೆಯುವುದರಿಂದ ಮೇಲ್ಭಾಗಕ್ಕೆ ಬಡಿದ ಬೆಳಕಷ್ಟೇ ರಸ್ತೆಯ ಕಡೆಗೆ ಬಾಗಿ ಹೊರಬರುತ್ತದೆ. ಗೋಡೆಯ ಮುಂದೆ ಕಾರು ನಿಲ್ಲಿಸಿ ಲೋ ಬೀಮ್ ಹಾಕಿದಾಗ ಮೇಲೆ ಕತ್ತಲು, ಕೆಳಗೆ ಬೆಳಕು ಎಂದು ಗೆರೆ ಎಳೆದಂತೆ ಕಾಣುವುದು ಈ ಮರೆಯ ಅಂಚಿನ ಕೆಲಸ. ಎಡಬದಿಯಲ್ಲಿ ಸಂಚರಿಸುವ ನಮ್ಮಂಥ ದೇಶಗಳಲ್ಲಿ ಆ ಗೆರೆ ಎಡಕ್ಕೆ ಸುಮಾರು 15 ಡಿಗ್ರಿ ಮೇಲೇರುತ್ತದೆ. ರಸ್ತೆಯಂಚಿನಲ್ಲಿ ನಡೆಯುವವರು ದೂರದಿಂದಲೇ ಕಾಣಬೇಕು, ಬಲದಿಂದ ಎದುರಾಗುವವರ ಕಣ್ಣಿಗೆ ಬೆಳಕು ಹೊಡೆಯಬಾರದು ಎಂಬುದು ಅದರ ಉದ್ದೇಶ.

ಇಷ್ಟೆಲ್ಲ ವ್ಯವಸ್ಥೆ ನಿಂತಿರುವುದು ಕೆಲವು ಮಿಲಿಮೀಟರ್ ಉದ್ದದ, ಸುತ್ತಲೂ ಸಮನಾಗಿ ಬೆಳಕು ಚೆಲ್ಲುವ ಸಣ್ಣ ಸುರುಳಿಯೊಂದು ನಿಗದಿತ ಜಾಗದಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಅದೇ ಹೋಲ್ಡರ್‌ಗೆ ಎಲ್‌ಇಡಿ ಬಲ್ಬ್ ಹಾಕಿದಾಗ ಬೆಳಕು ಹೊರಡುವುದು ಒಂದು ಪಟ್ಟಿಯ ಎರಡು ಬದಿಗಳಿಗೆ ಅಂಟಿಸಿದ ಚಪ್ಪಟೆ ಚಿಪ್‌ಗಳಿಂದ. ಪಟ್ಟಿ ತುಸು ದಪ್ಪವಾದರೂ, ಚಿಪ್ ಒಂದು ಮಿಲಿಮೀಟರ್ ಹಿಂದೆಮುಂದೆ ಸರಿದರೂ ರಿಫ್ಲೆಕ್ಟರ್ ಆ ಬೆಳಕನ್ನು ಇನ್ನೆಲ್ಲಿಗೋ ಎಸೆಯುತ್ತದೆ. ಗೆರೆ ಮಸುಕಾಗುತ್ತದೆ, ಅದರ ಮೇಲೆ ಬೆಳಕು ಚೆಲ್ಲಾಡುತ್ತದೆ. ಹಾಗೆ ಚೆಲ್ಲಿದ್ದು ನಿಮಗೆ ಮರದ ಕೊಂಬೆಗಳ ಮೇಲೆ, ಎದುರಿನವರಿಗೆ ಕಣ್ಣಿನೊಳಗೆ ಕಾಣಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ 20,000 ಲುಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಬರೆದಿರುವುದು ಇಲ್ಲಿ ಯಾವ ಉಪಯೋಗಕ್ಕೂ ಬಾರದು. ಎಚ್4 ಬಲ್ಬಿನ ಮಾನಕ ಮೌಲ್ಯ 13.2 ವೋಲ್ಟ್‌ನಲ್ಲಿ ಹೈ ಬೀಮ್‌ಗೆ 1,650 ಲುಮೆನ್, ಲೋ ಬೀಮ್‌ಗೆ 1,000 ಲುಮೆನ್ ಎಂಬುದನ್ನು ನೆನಪಿಟ್ಟುಕೊಂಡರೆ ಅಂಥ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದು ತಾನಾಗಿ ಹೊಳೆಯುತ್ತದೆ.

ಹಾಗೆಂದು ಎಲ್‌ಇಡಿ ಬಲ್ಬ್ ಎಂಬುದೇ ಮೋಸ ಎಂದು ಹೇಳಲಾಗದು. ಜರ್ಮನಿಯಲ್ಲಿ 2020ರಲ್ಲಿ ಒಸ್ರಾಮ್ ಕಂಪನಿಯ, ಎಚ್7 ಎಂಬ ಇನ್ನೊಂದು ಮಾದರಿಯ ಎಲ್‌ಇಡಿ ಬಲ್ಬಿಗೆ ಸಾರ್ವಜನಿಕ ರಸ್ತೆಯಲ್ಲಿ ಬಳಸಲು ಅನುಮತಿ ದೊರೆಯಿತು. ಆದರೆ ಆ ಅನುಮತಿ ಎಲ್ಲ ಕಾರುಗಳಿಗೂ ಸಲ್ಲುವಂಥದ್ದಲ್ಲ; ಪರೀಕ್ಷೆಯಲ್ಲಿ ಸರಿಹೊಂದಿದ ನಿರ್ದಿಷ್ಟ ಮಾದರಿಗಳ ಪಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಒಂದು ಹೆಡ್‌ಲೈಟ್‌ನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಬಲ್ಬ್ ಇನ್ನೊಂದರಲ್ಲಿ ಕೆಡಬಹುದು ಎಂಬುದನ್ನು ಅಲ್ಲಿನ ನಿಯಮವೇ ಒಪ್ಪಿಕೊಂಡಂತಾಯಿತು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ "ಎಲ್ಲ ಗಾಡಿಗೂ ಆಗುತ್ತೆ" ಎಂದು ಮಾರುವ ಬಲ್ಬುಗಳಿಗೆ ಅಂಥ ಪಟ್ಟಿ ಇರುವುದಿಲ್ಲ.

ಎಚ್‌ಐಡಿ ಕಿಟ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಠಿಣವಾದದ್ದು. ಕ್ಸೆನಾನ್ ಬಲ್ಬಿನಲ್ಲಿ ಫಿಲಮೆಂಟ್ ಇರುವುದಿಲ್ಲ. ಎರಡು ವಿದ್ಯುದ್ವಾರಗಳ ನಡುವೆ ಕಿಡಿ ಹೊತ್ತಿಸಲು ಬಾಲಾಸ್ಟ್ ಎಂಬ ವಿದ್ಯುತ್ ಪೆಟ್ಟಿಗೆ ಒಂದು ಕ್ಷಣ 20,000 ವೋಲ್ಟ್‌ಗೂ ಹೆಚ್ಚಿನ ಒತ್ತಡವನ್ನು ಕೊಡಬೇಕಾಗುತ್ತದೆ. ಹೊತ್ತಿಕೊಂಡ ಮೇಲೆ 35 ವ್ಯಾಟ್‌ನಲ್ಲೇ 3,000 ಲುಮೆನ್ ಮೀರಿ ಬೆಳಕು ಬರುತ್ತದೆ, ನಿಜ. ಆದರೆ 2,000 ಲುಮೆನ್ ದಾಟುವ ಲೋ ಬೀಮ್ ದೀಪಗಳಿಗೆ ಸ್ವಯಂಚಾಲಿತ ಲೆವೆಲಿಂಗ್ (ಬೆಳಕಿನ ಮಟ್ಟವನ್ನು ತಾನೇ ಸರಿಪಡಿಸುವುದು) ಮತ್ತು ಲೆನ್ಸ್ ತೊಳೆಯುವ ವ್ಯವಸ್ಥೆ ಇರಬೇಕೆಂದು ವಿಶ್ವಸಂಸ್ಥೆಯ ವಾಹನ ನಿಯಮಾವಳಿ ವಿಧಿಸಿದ್ದು ಸುಮ್ಮನೆ ಅಲ್ಲ: ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಕಾರಿನ ಮೂತಿ ಎದ್ದರೆ, ಅಥವಾ ಲೆನ್ಸ್ ಮೇಲೆ ಕೆಸರು ಕೂತರೆ, ಅಷ್ಟು ಬೆಳಕು ಎದುರಿನವರಿಗೆ ಅಪಾಯಕಾರಿಯಾಗುತ್ತದೆ. ಕಿಟ್ ಕೊಂಡವರಿಗೆ ಇವೆರಡೂ ಸಿಗುವುದಿಲ್ಲ. ಮೇಲಾಗಿ ಆ ಬಲ್ಬ್ ಪೂರ್ಣ ಬೆಳಗಲು ಕೆಲವು ಸೆಕೆಂಡು ಹಿಡಿಯುವುದರಿಂದ ಒಮ್ಮೆ ಲೈಟ್ ಹಾಯಿಸಿ ಎಚ್ಚರಿಸುವ ನಮ್ಮ ರೂಢಿಗೂ ಅದು ಒಗ್ಗುವುದಿಲ್ಲ.

ಇಷ್ಟಾದರೂ ಬಲ್ಬ್ ಬದಲಿಸಿದ ಹಲವರು ತಮಗೆ ಚೆನ್ನಾಗಿ ಕಾಣುತ್ತಿದೆ ಎಂದೇ ಹೇಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಕಾರಿನ ಮೂತಿಯ ಮುಂದಿನ ಕೆಲವು ಮೀಟರ್ ಡಾಂಬರು ಬಿಳಿಯಾಗಿ ಬೆಳಗಿದಾಗ ಬೆಳಕು ಹೆಚ್ಚಾಗಿದೆ ಎಂದು ಮನಸ್ಸಿಗೆ ಅನ್ನಿಸುತ್ತದೆ. ಆದರೆ ಹತ್ತಿರದ ಪ್ರಖರತೆಗೆ ಹೊಂದಿಕೊಂಡ ಕಣ್ಣಿಗೆ ದೂರದ ಮಂದ ವಸ್ತುಗಳು ಮೊದಲಿಗಿಂತ ಕಡಿಮೆಯೇ ಕಾಣುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಹೆದ್ದಾರಿಯಲ್ಲಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರ್ ಕಾಣಬೇಕಾದ್ದು ಅರವತ್ತೆಪ್ಪತ್ತು ಮೀಟರ್ ಆಚೆ, ಮೂತಿಯ ಬುಡದಲ್ಲಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ನೀಲಿ ಹೆಚ್ಚು. ಹ್ಯಾಲೊಜನ್‌ನ ಬಣ್ಣ ಸುಮಾರು 3,200 ಕೆಲ್ವಿನ್, ಅಂಗಡಿಯ ಎಲ್‌ಇಡಿಗಳದು ಸಾಮಾನ್ಯವಾಗಿ 6,000 ಕೆಲ್ವಿನ್ ಆಸುಪಾಸು. ನೀಲಿ ಛಾಯೆಯ ಆ ಬೆಳಕು ಎದುರಿನವರ ಕಣ್ಣನ್ನು ಹೆಚ್ಚು ಕುಕ್ಕುತ್ತದೆ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಓಡಿಸುವವರಿಗೂ ಅದರಿಂದ ನೆಮ್ಮದಿ ಇಲ್ಲ ಎಂಬ ದೂರು ಸಾಮಾನ್ಯ.

ಈಗ ನಿಮ್ಮ ಕಾರಿನ ಬೆಳಕು ಎಲ್ಲಿ ಸೋರುತ್ತಿದೆ ಎಂಬ ಮಾತಿಗೆ ಬರೋಣ. ಹ್ಯಾಲೊಜನ್ ಬಲ್ಬ್ ವೋಲ್ಟೇಜಿಗೆ ಬಹಳ ಸೂಕ್ಷ್ಮ: ಹೋಲ್ಡರ್ ತಲುಪುವ ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಇಳಿಯುತ್ತದೆ. ಹಲವು ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹಾದು, ತೆಳುವಾದ ವೈರುಗಳಲ್ಲಿ ಸುತ್ತಿ ಬರುತ್ತದೆ. ವರ್ಷಗಳು ಕಳೆದಂತೆ ಸ್ವಿಚ್ಚಿನ ಸಂಪರ್ಕಗಳೂ ಅರ್ತಿಂಗ್ ಜೋಡಣೆಗಳೂ ತುಕ್ಕು ಹಿಡಿದು ವೋಲ್ಟೇಜನ್ನು ದಾರಿಯಲ್ಲೇ ತಿನ್ನುತ್ತವೆ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗ, ಬ್ಯಾಟರಿಯ ತುದಿಗಳಲ್ಲೂ ಬಲ್ಬಿನ ಹೋಲ್ಡರ್‌ನಲ್ಲೂ ಮಲ್ಟಿಮೀಟರ್ ಇಟ್ಟು ನೋಡಲು ಆಟೊ ಎಲೆಕ್ಟ್ರಿಷಿಯನ್‌ಗೆ ಹೇಳಿ. ಎರಡರ ನಡುವೆ ಒಂದು ವೋಲ್ಟ್ ವ್ಯತ್ಯಾಸವಿದ್ದರೆ ನಿಮ್ಮ ರೋಗ ಸಿಕ್ಕಂತೆ. ಅದಕ್ಕೆ ಮದ್ದು ರಿಲೇ ವೈರಿಂಗ್ ಕಿಟ್: ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ನೇರವಾಗಿ ಬಲ್ಬಿಗೆ ಬರುತ್ತದೆ, ಹಳೆಯ ಸ್ವಿಚ್ ಕೇವಲ ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚನ್ನು, ಎಳೆಯುವ ಕೆಲಸ ಮಾಡುತ್ತದೆ. ಕಪ್ಲರ್‌ಗೆ (ವೈರ್ ಜೋಡಿಸುವ ಪ್ಲಗ್‌ಗೆ) ಕಪ್ಲರ್ ಸೇರುವ ಕಿಟ್ ತೆಗೆದುಕೊಳ್ಳಿ. ಮೂಲ ವೈರ್ ಕತ್ತರಿಸಿ ಟೇಪ್ ಸುತ್ತಲು ಹೊರಟವರನ್ನು ಅಲ್ಲೇ ತಡೆಯಿರಿ.

ರಿಲೇ ಹಾಕಿಸಿದ ಕೂಡಲೇ 100/90 ವ್ಯಾಟ್ ಬಲ್ಬಿನ ಆಸೆ ಹುಟ್ಟುವುದು ಸಹಜ. ಅದು ಬೇಡ. ರಸ್ತೆಗೆ ಒಪ್ಪಿಗೆಯಿಲ್ಲದ ವ್ಯಾಟೇಜ್ ಎಂಬುದು ಒಂದು ಕಡೆಯಾದರೆ, ಅದರ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್‌ನ ಲೇಪ ಮಂಕಾಗುತ್ತದೆ. ಹಾಗೆ ಹಾಳಾದ ರಿಫ್ಲೆಕ್ಟರ್‌ಗೆ ಆಮೇಲೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ. ಒಳ್ಳೆಯ ಕಂಪನಿಯ ಹೊಸ 60/55 ಬಲ್ಬ್ ಜೋಡಿಯೇ ಸಾಕು.

ಇನ್ನೊಂದು ಸೋರಿಕೆ ಲೆನ್ಸಿನದು. ಈಗಿನ ಹೆಡ್‌ಲೈಟ್‌ಗಳ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಅದರ ರಕ್ಷಣಾ ಲೇಪ ಸವೆದು ಹಳದಿ ಮಂಜು ಕವಿಯುತ್ತದೆ. ವಾಟರ್ ಪೇಪರ್‌ನಿಂದ ಹಂತಹಂತವಾಗಿ ಉಜ್ಜಿ ಪಾಲಿಶ್ ಮಾಡಿದರೆ ಅದು ತಿಳಿಯಾಗುತ್ತದೆ, ಆದರೆ ಕೊನೆಗೆ ಅತಿನೇರಳೆ ಕಿರಣ ತಡೆಯುವ ಲೇಪ ಬಳಿಯದಿದ್ದರೆ ಬಹುಬೇಗ ಮತ್ತೆ ಹಳದಿಯಾಗುತ್ತದೆ.

ಇಷ್ಟು ಮಾಡಿದ ಮೇಲೂ ಎಲ್‌ಇಡಿಯೇ ಬೇಕೆನಿಸಿದರೆ, ನಿಮ್ಮ ಕಾರಿನದೇ ಹೆಚ್ಚು ಬೆಲೆಯ ವೇರಿಯಂಟ್‌ಗೆ ಕಂಪನಿಯೇ ಕೊಟ್ಟ ಎಲ್‌ಇಡಿ ಅಥವಾ ಪ್ರೊಜೆಕ್ಟರ್ ಹೆಡ್‌ಲೈಟ್ ಇದೆಯೇ ಎಂದು ವಿಚಾರಿಸಿ, ಇಡೀ ಜೋಡಣೆಯನ್ನೇ ಬದಲಿಸುವುದು ತಾಂತ್ರಿಕವಾಗಿ ಸರಿಯಾದ ದಾರಿ. ದುಬಾರಿ ಹೌದು, ಆದರೆ ಅಲ್ಲಿ ಬೆಳಕಿನ ಮೂಲವೂ ಅದನ್ನು ಹರಡುವ ಭಾಗಗಳೂ ಒಟ್ಟಿಗೇ ವಿನ್ಯಾಸಗೊಂಡು ಪರೀಕ್ಷೆಗೆ ಒಳಪಟ್ಟಿರುತ್ತವೆ. ವಾರಂಟಿ ಇನ್ನೂ ಉಳಿದಿರುವ ಕಾರಾದರೆ ಸರ್ವಿಸ್ ಕೇಂದ್ರವನ್ನು ಕೇಳದೆ ಯಾವ ವೈರನ್ನೂ ಮುಟ್ಟಿಸಬಾರದು.

ಪೊಲೀಸರ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಅಥವಾ ಬಾಗಿಸಲು ಬರುವಂತಿರಬೇಕು. ವಾಹನವನ್ನು ನಿಯಮಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ಮಾಲೀಕರಿಗೆ, ಮೋಟಾರು ವಾಹನ ಕಾಯ್ದೆಯ 182ಎ ಕಲಮಿಗೆ 2019ರ ತಿದ್ದುಪಡಿಯಿಂದ ಸೇರಿದ ನಾಲ್ಕನೇ ಉಪಕಲಮಿನಡಿ, ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಕಣ್ಣು ಕುಕ್ಕುವ ದೀಪಗಳ ವಿರುದ್ಧ ಪೊಲೀಸರು ರಾಜ್ಯವ್ಯಾಪಿ ಕಾರ್ಯಾಚರಣೆಯನ್ನೂ ನಡೆಸಿದರು. ಹಿಡಿಯುತ್ತಾರೆಯೇ ಎಂದರೆ, ಹಿಡಿಯುತ್ತಾರೆ.

ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಮಂಜಿಗೆಂದು ಹಳದಿ ದೀಪ ಹಾಕಿಸುವವರಿಗೆ ಒಂದು ಮಾತು: ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವಾದ್ದರಿಂದ ಹಳದಿ ಬೆಳಕು ಅವನ್ನು ಬಿಳಿಗಿಂತ ಹೆಚ್ಚಾಗಿ ಸೀಳಿಕೊಂಡು ಹೋಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬಂಪರ್‌ನಲ್ಲಿ ತಗ್ಗಿಗೆ ಕೂರಿಸಿದ, ಅಗಲವಾಗಿ ನೆಲಕ್ಕೆ ಹರಡುವ ದೀಪ.

ನೀವು ಯಾವ ಕೆಲಸ ಮಾಡಿಸಿದರೂ ಕೊನೆಗೆ ಬೆಳಕಿನ ಮಟ್ಟ ನೋಡಲೇಬೇಕು. ಟೈರ್‌ಗಳಲ್ಲಿ ಸರಿಯಾದ ಗಾಳಿ ಇರಲಿ, ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರಲಿ, ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಗುಂಡಿ ಇದ್ದರೆ ಸೊನ್ನೆಯಲ್ಲಿರಲಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಹೆಡ್‌ಲೈಟ್ ಮಧ್ಯಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಹೆಡ್‌ಲೈಟ್ ಬಳಿ ಶೇಕಡ 1 ಎಂಬ ಗುರುತಿದ್ದರೆ ಲೋ ಬೀಮ್ ಗೆರೆ ಆ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಬೀಳದಿದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಹೊಸ ಬಲ್ಬ್ ಹಾಕಿಸಿದ ಮೇಲೆ ಗೋಡೆಯ ಮೇಲೆ ಗೆರೆಯೇ ಕಾಣದೆ ಬರೀ ಬೆಳಕಿನ ಮುದ್ದೆ ಕಂಡರೆ ಸ್ಕ್ರೂ ತಿರುಗಿಸುತ್ತ ಕೂರಬೇಡಿ, ಬಿಲ್ಲಿನ ಸಮೇತ ಬಲ್ಬನ್ನು ಅಂಗಡಿಗೆ ಹಿಂದಿರುಗಿಸಿ.