ಕರುಹಟ್ಟಿಯ ಲೆಕ್ಕ ಯಾರ ಪುಸ್ತಕದಲ್ಲಿದೆ?

ಮುಡುಕುತೊರೆ ಜಾತ್ರೆಯಲ್ಲಿ ಹೋರಿ ವ್ಯಾಪಾರ ನೋಡಿದ್ದೀರಾ? ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಆಮೇಲೆ ಹಣೆ, ಬೆನ್ನು ಎಲ್ಲ ಸವರಿ ಸುಳಿ ಹುಡುಕುತ್ತಾರೆ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸೋದು ಕೊನೆಗೆ. ಅದಕ್ಕೂ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತದೆ, ಇದು ಯಾರ ಮನೇದು ಅಂತ. ಹಿಂದೊಮ್ಮೆ ಮಳವಳ್ಳಿ ಕಡೆಯ ಯಜಮಾನರೊಬ್ಬರು ಹೋರಿಯ ಬೆನ್ನು ತಟ್ಟಿ ಹೇಳಿದರು: "ಇದ್ರವ್ವ ನಮ್ಮಟ್ಟೀದು ಕಣಪ್ಪಾ. ಅದ್ರವ್ವನೂ ನಮ್ಮಟ್ಟೀದೇ." ಮುಗೀತು. ಎರಡು ಮಾತಲ್ಲಿ ಮೂರು ತಲೆಮಾರು.

ಈಗ ಈ ಕಡೆಯ ಹಳ್ಳಿಕಾರ್ ಅನ್ನೋ ದನದ ತಳಿಯ ಬಗ್ಗೆ ಇತಿಹಾಸದ ಪುಸ್ತಕ ತೆರೆಯಿರಿ. ಅಲ್ಲಿ ಅರಮನೆ ಇದೆ, ದಂಡು ಇದೆ, ಇಲಾಖೆ ಇದೆ. ಅಟ್ಟಿ, ಅಂದರೆ ದನ ಸಾಕಿದವರ ಮನೆ, ಮಾತ್ರ ಇಲ್ಲ.

ಇದು ಹಳೇ ಚಾಳಿ. ರಾಜರಿಗೆ ಆನೆ, ಕುದುರೆ ಅಂದರೆ ಪ್ರಾಣ. ಗಂಗರ ಶಿವಮಾರ ಆನೆ ಮೇಲೆ 'ಗಜಾಷ್ಟಕ' ಬರೆದ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆಗಳ ಸಂಗತಿ ಬೇಕಾದಷ್ಟಿದೆ. ದನಕ್ಕೆ ಅಂತ ಬರೆದವನು ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮ, ಅವನ 'ಗೋವೈದ್ಯ' ಕನ್ನಡದಲ್ಲೇ ಇದೆ. ಆದರೆ ಅದು ರೋಗ, ಮದ್ದು, ಮಂತ್ರದ ಪುಸ್ತಕ. ಇನ್ನು ಶಾಸನಗಳಲ್ಲಿ ದನ ಬರೋದು ಜಾಸ್ತಿ ತುರುಗೋಳಿನಲ್ಲಿ, ಅಂದರೆ ಯಾರೋ ಕದ್ದಾಗ. ಬಿಡಿಸಿಕೊಳ್ಳಲು ಹೋಗಿ ಸತ್ತವನಿಗೆ ವೀರಗಲ್ಲು. ಹಸುಗಳ ಹೆಸರು ಯಾರಿಗೆ ಬೇಕು?

ನಾಯಿಗೆ ಆ ಭಾಗ್ಯ ಸಿಕ್ಕಿದೆ, ಅದೂ ನಮ್ಮ ಮದ್ದೂರು ತಾಲೂಕಿನಲ್ಲಿ. ಆತಕೂರಿನ ಕಲ್ಲು ಸುಮಾರು ಕ್ರಿ.ಶ. 950ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಮೇಲೆ ಗಂಗರ ಬೂತುಗ ತನ್ನ ಬಂಟ ಮಣಲೆರನಿಗೆ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ! ಆ ಕಾಳಿ ಕಾಡುಹಂದಿ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ಎತ್ತಿನ ಲೆಕ್ಕ ಶುರುವಾಗೋದು ಶ್ರೀರಂಗಪಟ್ಟಣದಿಂದ. ವಿಜಯನಗರದ ಪ್ರತಿನಿಧಿ ಇಲ್ಲಿದ್ದಾಗ ಒಳ್ಳೆ ಹಳ್ಳಿಕಾರ್ ಹಸುಗಳನ್ನು ತರಿಸಿ ಸಾಕಿದ್ದ, 1610ರಲ್ಲಿ ರಾಜ ಒಡೆಯರು ಪಟ್ಟಣ ಹಿಡಿದ ಮೇಲೆ ಅವು ಒಡೆಯರ ಪಾಲಾದವು ಅಂತ ಹೇಳಿಕೆ. ಮುಂದೆ ಅದು ಕರುಹಟ್ಟಿ, ಅಂದರೆ ಅರಮನೆಯ ದನದ ಮಂದೆ, ಆಯಿತು. ಮೇವಿಗೆ ಅಲ್ಲಲ್ಲಿ ಕಾವಲು, ಅಂದರೆ ಹುಲ್ಲುಗಾವಲು, ಬಿಟ್ಟರು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದರ ಹೆಸರು ಬೆಣ್ಣೆ ಚಾವಡಿ. ಹೆಸರೇ ಹೇಳುತ್ತದೆ, ಅರಮನೆಗೆ ಹಾಲು ಬೆಣ್ಣೆ ಬೇಕಿತ್ತು ಅಷ್ಟೇ.

ಹೈದರಾಲಿ ಬಂದ ಮೇಲೆ ಬೆಣ್ಣೆ ಹಿಂದಕ್ಕೆ ಹೋಯಿತು, ತೋಪು ಮುಂದಕ್ಕೆ ಬಂತು. ಚಿದಂಬರ ಉಳಿಸಿಕೊಳ್ಳಲು ಈ ಎತ್ತುಗಳ ಬಲದಿಂದ ಅವನು ಎರಡೂವರೆ ದಿನದಲ್ಲಿ 100 ಮೈಲಿ ನಡೆದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಸೋತರೂ ಶತ್ರು ಕಣ್ಣೆದುರೇ ಫಿರಂಗಿ ಎಳೆದುಕೊಂಡು ಹೋಗುತ್ತಿದ್ದನಂತೆ. ಹೊಗಳಿಕೆಯಲ್ಲಿ ಹೊಟ್ಟೆಯುರಿ ಕಾಣುತ್ತದೆ, ಅಲ್ವಾ? ಟಿಪ್ಪು ಇದನ್ನು ಅಮೃತ ಮಹಲ್ ಅಂತ ಕರೆದು ಕಾಯಿದೆ ಕಟ್ಟಳೆ ಮಾಡಿದ. ಹಳ್ಳಿಕಾರ್ ಜೊತೆಗೆ ಹಾಗಲವಾಡಿ, ಚಿತ್ರದುರ್ಗದ ಪಾಳೇಗಾರರ ದನಗಳೂ ಬಂದು ಸೇರಿದವು. ರಾಜ್ಯ ಹೋದವನ ದನ ಗೆದ್ದವನ ದೊಡ್ಡಿಗೆ.

1799ರಲ್ಲಿ ಪಟ್ಟಣ ಬಿತ್ತು. ಮಂದೆ ಹಾಳಾಗುತ್ತಾ ಬಂದಿದ್ದು ನೋಡಿ 1813ರಲ್ಲಿ ಬ್ರಿಟಿಷರು ಕ್ಯಾಪ್ಟನ್ ಹಾರ್ವೆ ಅನ್ನೋನ ಕೈಗೆ ಕೊಟ್ಟರು. ಆಮೇಲೆ ಬಂದದ್ದು ಈ ಕಥೆಯಲ್ಲೇ ದಡ್ಡ ಕೆಲಸ: 1860ರಲ್ಲಿ ಖರ್ಚು ಉಳಿಸಲು ಇಡೀ ಮಂದೆಯನ್ನೇ ಮಾರಿಬಿಟ್ಟರು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಇದ್ದ. ಕೆಲವೇ ವರ್ಷಕ್ಕೆ ದಂಡಿಗೆ ಎತ್ತು ಸಾಲದೆ ಮತ್ತೆ ಮಂದೆ ಕಟ್ಟಲು ಕೂತರು. ಮಾರಿದ್ದು ಸರ್ಕಾರದ ಮಂದೆ ಮಾತ್ರ. ಊರೂರಿನ ಕೊಟ್ಟಿಗೆಯಲ್ಲಿ ಬೀಜದ ಹೋರಿ ಸಾಕುತ್ತಿದ್ದವರು ಸಾಕುತ್ತಲೇ ಇದ್ದರು. ಒಳ್ಳೆ ಗಂಡುಕರು ಹುಟ್ಟಿದರೆ ಬೀಜ ಒಡೆಸದೆ ಉಳಿಸಿಕೊಳ್ಳೋದು, ನಡಿಗೆ ಸರಿಯಿಲ್ಲದ್ದನ್ನು ಜಾತ್ರೆಗೆ ಸಾಗಿಸೋದು, ಇದೇ ತಳಿ ಆಯ್ಕೆ. ಅದಕ್ಕೆ ದಫ್ತರ ಇರಲಿಲ್ಲ.

ನಮ್ಮಲ್ಲಿ ದಫ್ತರ ಅಂದರೆ ಕೊಟ್ಟಿಗೆ ಗೋಡೆ. ಹಸು ಹೋರಿಗೆ ಬಿಟ್ಟ ದಿನ, ಕರು ಹಾಕಿದ ದಿನ, ಎಲ್ಲ ಅಜ್ಜ ಇದ್ದಿಲಲ್ಲಿ ಗೀಚುತ್ತಿದ್ದರು. ಕೆಂಪಿ, ಗೌರಿ, ಇನ್ನೊಂದು ಗೌರಿ. ಅಕ್ಕನ ಮದುವೆಗೆ ಮನೆಗೆಲ್ಲ ಬಣ್ಣ ಹೊಡೆಸಿದರು, ಬಣ್ಣದವರು ಆ ಗೋಡೆಯನ್ನೂ ಬಿಡಲಿಲ್ಲ. ಅಜ್ಜ ಬೈಯಲಿಲ್ಲ. ಸಾಯಂಕಾಲ ನನ್ನನ್ನು ಕೂರಿಸಿಕೊಂಡು, ನೋಟ್‌ಬುಕ್ ತೆಗಿ ಅಂದು, ಬಾಯಲ್ಲೇ ಹೇಳುತ್ತಾ ಹೋದರು. ಐದನೇ ಹಸುವಿನ ತನಕ ಸಲೀಸಾಗಿ ಬಂತು. ಅದರ ಅವ್ವ ಯಾವುದು ಅಂತ ಕೇಳಿದೆ. "ತಡಿ, ನಿಮ್ಮಜ್ಜೀನ ಕೇಳ್ಕೊಂಡ್ ಬತ್ತೀನಿ" ಅಂತ ಎದ್ದು ಒಳಗೆ ಹೋದರು.