ಅಳುವ ಬಾಯಲ್ಲಿ ಸ್ತೋತ್ರ ಬರುವುದು ಹೇಗೆ?

ಪ್ರಶ್ನೆ: ತಾಯಿ ತೀರಿಕೊಂಡು ಮೂರು ತಿಂಗಳಾಯಿತು. ಸಭೆಯವರು ಸಿಕ್ಕಾಗಲೆಲ್ಲ "ಅವರು ಪರಲೋಕದಲ್ಲಿದ್ದಾರೆ, ಅಳಬೇಡಿ, ಎಲ್ಲದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿ" ಎನ್ನುತ್ತಾರೆ. ನನ್ನ ಬಾಯಿಂದ ಸ್ತೋತ್ರ ಹೊರಡುತ್ತಿಲ್ಲ. ಬಲವಂತವಾಗಿ ಹೇಳಿದರೆ ನಟನೆ ಅನ್ನಿಸುತ್ತದೆ. ನನ್ನ ವಿಶ್ವಾಸದಲ್ಲೇ ಕೊರತೆಯಿದೆಯೇ?

ಉತ್ತರ: ಕೊರತೆ ನಿಮ್ಮ ವಿಶ್ವಾಸದಲ್ಲಿಲ್ಲ, ನಿಮಗೆ ಹೇಳಿದ ಮಾತಿನಲ್ಲಿದೆ. ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಅವರು ಒಂದು ವಿಭಕ್ತಿಪ್ರತ್ಯಯವನ್ನು ಬದಲಿಸಿಬಿಟ್ಟಿದ್ದಾರೆ. ಆದಿಸಭೆಯ ಅಪೊಸ್ತಲನಾದ ಪೌಲನು ಥೆಸಲೋನಿಕ ಪಟ್ಟಣದ ಸಭೆಯವರಿಗೆ ಪತ್ರದಲ್ಲಿ ಬರೆದದ್ದು ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು, ಎಲ್ಲದಕ್ಕಾಗಿ ಎಂದಲ್ಲ. ಸಾವಿನ ಮನೆಯಲ್ಲಿ ಕುಳಿತು ದೇವರನ್ನು ನೆನೆಯುವುದು ಬೇರೆ, ಸಾವಿಗಾಗಿ ವಂದನೆ ಹೇಳುವುದು ಬೇರೆ. ಎಫೆಸದವರ ಪತ್ರದಲ್ಲಿ 'ಎಲ್ಲದಕ್ಕಾಗಿ' ಎಂಬ ಮಾತೂ ಇದೆಯಲ್ಲ ಎಂದು ಸತ್ಯವೇದ (ಬೈಬಲ್) ಬಲ್ಲವರು ಕೇಳಿಯಾರು. ಇದೆ, ಆದರೆ ಕೊರಿಂಥದವರಿಗೆ ಬರೆಯುವಾಗ ಮರಣವನ್ನು ಕಡೆಯ ಶತ್ರು ಎಂದು ಕರೆಯುವವನೂ ಅದೇ ಪೌಲನು. ಶತ್ರುವಿನ ಕೆಲಸಕ್ಕಾಗಿ ಸ್ತೋತ್ರ ಹೇಳಿರಿ ಎಂದು ಅವನು ಕಲಿಸಿದನೆಂದು ನಾನು ಓದಲಾರೆ.

ಅಳಬೇಡಿ ಎಂಬ ಸಲಹೆಗೂ ಆಧಾರವಿಲ್ಲ. ಬೇಥಾನ್ಯ ಎಂಬ ಊರಿನಲ್ಲಿ ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಸ್ವಲ್ಪ ಹೊತ್ತಿನಲ್ಲೇ ಎಬ್ಬಿಸಲಿದ್ದೇನೆ ಎಂದು ತಿಳಿದಿದ್ದರೂ ಯೇಸು ಸಮಾಧಿಗೆ ಹೋಗುವ ಮುನ್ನ ಕಣ್ಣೀರು ಬಿಟ್ಟನು. ಥೆಸಲೋನಿಕದ ಸಭೆಗೆ ಪೌಲನು ಹೇಳಿದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದೇ ಹೊರತು ದುಃಖಿಸಲೇಬೇಡಿರಿ ಎಂದಲ್ಲ.

ಇನ್ನು ಸ್ತೋತ್ರದ ವಿಷಯ. ನಾವು ಕೀರ್ತನೆಗಳು ಎನ್ನುವ ಗ್ರಂಥಕ್ಕೆ ಹೀಬ್ರೂವಿನಲ್ಲಿರುವ ಹೆಸರಿನ ಅರ್ಥವೇ 'ಸ್ತುತಿಗಳು'. ಹಾಗಿದ್ದೂ ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟ, ಮೊರೆ, ದೂರು. ಸ್ತುತಿಗಳ ಪುಸ್ತಕದೊಳಗೆ ಗೋಳನ್ನು ಸೇರಿಸಿಟ್ಟವರು ಗೋಳನ್ನೂ ಸ್ತುತಿಯ ಮನೆಯವರಲ್ಲೊಬ್ಬರೆಂದೇ ಎಣಿಸಿರಬೇಕು. 13ನೆಯ ಕೀರ್ತನೆಯನ್ನು ತೆರೆದು ನೋಡಿ: ಇರುವುದೇ ಆರು ವಚನ, ಮೊದಲ ಎರಡರಲ್ಲೇ 'ಇನ್ನೆಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ನನ್ನನ್ನು ಮರೆತೇಬಿಟ್ಟೆಯಾ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಧಾಟಿಯಲ್ಲಿ. ಕಡೆಯ ವಚನದಲ್ಲಿ ಅದೇ ಬಾಯಿ ಹಾಡುತ್ತೇನೆ ಎನ್ನುತ್ತದೆ. ನಡುವೆ ಪರಿಸ್ಥಿತಿ ಬದಲಾಯಿತು ಎಂಬ ಒಂದು ಮಾತೂ ಇಲ್ಲ. 88ನೆಯದು ಅಷ್ಟು ದೂರವೂ ಹೋಗುವುದಿಲ್ಲ. ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದರ ತಲೆಬರಹದಲ್ಲಿ ಪ್ರಧಾನಗಾಯಕನ ಉಲ್ಲೇಖವಿದೆ, ಅಂದರೆ ಅದು ಒಬ್ಬನು ಕೋಣೆಯಲ್ಲಿ ಬಚ್ಚಿಟ್ಟುಕೊಂಡ ಅಳುವಲ್ಲ, ಜನರ ನಡುವೆ ಹಾಡಲೆಂದು ಇದ್ದ ಹಾಡು. ದೂರಾದರೂ ದೇವರ ಮುಂದೆಯೇ ಇಡುವ ದೂರು ವಿಶ್ವಾಸದ ಮಾತೇ ಸರಿ, ಏಕೆಂದರೆ ಕೇಳುವವನಿಲ್ಲ ಎಂದುಕೊಂಡವನು ದೂರು ಕೊಡಲು ಹೋಗುವುದಿಲ್ಲ.

ಹಾಗಾದರೆ ಪರಲೋಕದ ಮಾತಿಗೆ ಇಲ್ಲಿ ಏನು ಕೆಲಸ? ಕನ್ನಡ ಸತ್ಯವೇದವು ಇದಕ್ಕೆ 'ಆಸೆ' ಎನ್ನದೆ 'ನಿರೀಕ್ಷೆ' ಎಂಬ ಪದವನ್ನು ಬಳಸಿದೆ, ಆ ಆಯ್ಕೆ ನನಗೆ ಬಹಳ ಹಿಡಿಸುತ್ತದೆ. ಆಸೆಗೆ ಬೇಕಾಗಿರುವುದು ಮನಸ್ಸು ಮಾತ್ರ; ನಿರೀಕ್ಷೆಗೆ ಬರುತ್ತೇನೆಂದು ಮಾತು ಕೊಟ್ಟವನೊಬ್ಬನು ಬೇಕು. ಬಾಗಿಲಲ್ಲಿ ನಿಂತು ದಾರಿ ನೋಡುವವಳ ಕಣ್ಣಲ್ಲಿ ನೀರೂ ಇರಬಹುದು, ಆದರೆ ಅವಳು ಬಾಗಿಲು ಹಾಕಿಕೊಂಡು ಹೋಗುವುದಿಲ್ಲ. ಕ್ರೈಸ್ತರಿಗೆ ಆ ಮಾತಿನ ಆಧಾರ ಯೇಸುವಿನ ಪುನರುತ್ಥಾನ. ಭಾನುವಾರ ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುವಾಗ 'ಶರೀರ ಪುನರುತ್ಥಾನ' ಎಂದು ನಾವು ಸರಸರನೆ ಹೇಳಿ ದಾಟುತ್ತೇವೆ, ಆದರೆ ಇಡೀ ನಿರೀಕ್ಷೆ ನಿಂತಿರುವುದು ಅದರ ಮೇಲೆ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 21ನೆಯ ಅಧ್ಯಾಯದಲ್ಲಿ ಜನರು ಮೇಲಕ್ಕೆ ಹಾರಿಹೋಗುವುದಿಲ್ಲ, ಪರಿಶುದ್ಧ ಪಟ್ಟಣವೇ ಪರಲೋಕದಿಂದ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರ ನಡುವೆ ವಾಸಮಾಡಿ ಅವರ ಕಣ್ಣೀರನ್ನು ತಾನೇ ಒರೆಸುತ್ತಾನೆ. ಒರೆಸುವ ಕೈ ಇದೆ ಎಂದ ಮೇಲೆ ಅಲ್ಲಿಯವರೆಗೆ ಕಣ್ಣೀರು ಇರುತ್ತದೆ ಎಂಬುದನ್ನೂ ಆ ಅಧ್ಯಾಯ ಒಪ್ಪಿಕೊಂಡ ಹಾಗಾಯಿತು.

ಇತಿಹಾಸದಿಂದ ಒಬ್ಬ ಸಭಾಪಾಲಕನನ್ನು ಇಲ್ಲಿ ನೆನೆಯಬಹುದು. ಜರ್ಮನಿಯ ಐಲೆನ್‌ಬರ್ಗ್‌ನಲ್ಲಿದ್ದ ಮಾರ್ಟಿನ್ ರಿಂಕಾರ್ಟ್, ಮೂವತ್ತು ವರ್ಷಗಳ ಯುದ್ಧದ ನಡುವೆ 1637ರಲ್ಲಿ ಊರಿಗೆ ಪ್ಲೇಗ್ ಬಡಿದಾಗ 4,000ಕ್ಕೂ ಹೆಚ್ಚು ಮಂದಿಯ ಶವಸಂಸ್ಕಾರ ನಡೆಸಿದನು. ಆ ವರ್ಷ ಸತ್ತವರಲ್ಲಿ ಅವನ ಹೆಂಡತಿಯೂ ಒಬ್ಬಳು. ಇಂದಿಗೂ ಲೋಕದ ಸಭೆಗಳಲ್ಲಿ ಹಾಡುವ ಒಂದು ಪ್ರಸಿದ್ಧ ಕೃತಜ್ಞತಾಗೀತೆ ಅವನದು. ಶವಗಳ ನಡುವೆ ಕುಳಿತು ಅದನ್ನು ಬರೆದನೆಂದು ಪ್ರಸಂಗಗಳಲ್ಲಿ ಹೇಳುವುದುಂಟು. ಆದರೆ ಬಹುಶಃ ಅದು ಆ ಪಿಡುಗಿಗೆ ಮೊದಲೇ, ಊಟದ ಮೇಜಿನ ವಂದನೆಯಾಗಿ ಹುಟ್ಟಿದ್ದು. ನನಗೆ ಇದು ಆ ಕಥೆಗಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿ, ಹೆಚ್ಚು ಉಪಯುಕ್ತವಾಗಿಯೂ ಕಾಣುತ್ತದೆ: ಕಷ್ಟದ ದಿನದಲ್ಲಿ ಹೊಸ ಸ್ತುತಿಯನ್ನು ಹುಟ್ಟಿಸಬೇಕೆಂದು ಯಾರೂ ನಿಮ್ಮನ್ನು ಕೇಳುತ್ತಿಲ್ಲ, ಊಟದ ಹೊತ್ತಿಗೆ ಬಾಯಿಪಾಠವಾದ ಹಾಡು ಆಗ ಕೈಗೆ ಸಿಗುತ್ತದೆ, ಅಷ್ಟೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮೂಲಕ ಇಂಥ ಜರ್ಮನ್ ರಾಗಗಳು ಕನ್ನಡ ಗೀತೆಗಳಾಗಿ ನಮ್ಮ ಕರಾವಳಿಯ ಸಭೆಗಳಿಗೂ ಇಳಿದವು.

ಆದ್ದರಿಂದ ಈಗ ಸ್ತೋತ್ರ ಬಾರದಿದ್ದರೆ ಬಲವಂತ ಮಾಡಿಕೊಳ್ಳಬೇಡಿ. 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಅದನ್ನೇ ಪ್ರಾರ್ಥನೆಯಾಗಿ ಇಡಿ. ಆರಾಧನೆಗೆ ಹೋಗುವುದನ್ನು ಮಾತ್ರ ಬಿಡಬೇಡಿ. ಹಾಡುವವರ ನಡುವೆ ಸುಮ್ಮನೆ ನಿಂತರೂ ಸಾಕು. ಹೆಂಡತಿಯ ಶವಪೆಟ್ಟಿಗೆಯ ಪಕ್ಕದಲ್ಲಿ ಗೀತೆಪುಸ್ತಕ ಹಿಡಿದು ನಿಂತಿದ್ದ ಒಬ್ಬ ಅಜ್ಜನನ್ನು ನಾನು ನೋಡಿದ್ದೇನೆ. ಅಂಗಳದ ತುಂಬ ಜನ ಹಾಡುತ್ತಿದ್ದರು, ಅಜ್ಜನ ತುಟಿ ಅಲುಗಲಿಲ್ಲ. ತೋರುಬೆರಳು ಮಾತ್ರ ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ಪುಟದ ಕೊನೆಗೆ ಬಂದು ಬೆರಳು ನಿಂತಾಗ ಪಕ್ಕದಲ್ಲಿದ್ದ ಮೊಮ್ಮಗ ಹಾಡುತ್ತಲೇ ಕೈಚಾಚಿ ಪುಟ ಮಗುಚಿದ.